ತಾಲೂಕು ಊರು ಅಂದ್ರೆ ಬರೀ ಬಸ್ ಸ್ಟ್ಯಾಂಡ್ ಅಲ್ಲ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ತಾಲೂಕು ಊರಲ್ಲಿ ಏನಿದೆ ಸಾರ್? ಒಂದು ಬಸ್ ಸ್ಟ್ಯಾಂಡ್, ನಾಲ್ಕು ಹೋಟ್ಲು. ರಾಜಕೀಯ ಎಲ್ಲ ಬೆಂಗಳೂರಲ್ಲೇ." ಓದಿ ಮೈ ಉರಿಯಿತು.

ಅಲ್ಲ ಸ್ವಾಮಿ, ಹಳ್ಳಿಯ ರಾಜಕೀಯ ಹುಟ್ಟುವುದೇ ತಾಲೂಕು ಊರಲ್ಲಿ.

1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು ಎಷ್ಟೋ ಹೊಲಗಳಿಗೆ ಸರಿಯಾಗಿ ಬಂದಿರಲಿಲ್ಲ. ಕರ ಕಟ್ಟಿ ಎಂಬ ಒತ್ತಾಯ ಮಾತ್ರ ತಪ್ಪಿರಲಿಲ್ಲ. ಸುತ್ತಲ ಹಳ್ಳಿಗಳ ರೈತರು ಎಲ್ಲಿಗೆ ಬಂದರು? ವಿಧಾನಸೌಧಕ್ಕಲ್ಲ. ನರಗುಂದದ ತಹಶೀಲ್ದಾರ್ ಕಚೇರಿಗೆ. ಗೋಲಿಬಾರ್ ಆಯಿತು, ರೈತರ ಜೀವ ಹೋಯಿತು. ಆ ಕಿಚ್ಚು ಊರಿಂದ ಊರಿಗೆ ಹಬ್ಬಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಗುಂಡೂರಾವ್ ಸರ್ಕಾರ ಹೋಯಿತು. ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೆ ಕಿಡಿ ಹೊತ್ತಿದ್ದು ಬೆಂಗಳೂರಲ್ಲಿ ಅಲ್ಲ!

ಹಳ್ಳಿಯಲ್ಲೇ ಯಾಕೆ ಆಗಲಿಲ್ಲ ಅಂತೀರಾ? ಹಳ್ಳಿಯಲ್ಲಿ ಕೇರಿ ಕೇರಿಗೂ ಗೆರೆ ಇದೆ. ದೊಡ್ಡವರ ಮನೆ ಮುಂದೆ ದನಿ ಎತ್ತಲಾಗದವನು ಪೇಟೆಯ ಹೋಟೆಲ್ ಬೆಂಚಿನ ಮೇಲೆ ಬಾಯಿ ಬಿಡುತ್ತಾನೆ. ಸಂತೆ ದಿನ ನಾನೇ ನೋಡಿದ್ದೇನೆ. ಅಂಗಿ ಜೇಬಲ್ಲಿ ಪಹಣಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಮಡಚಿಟ್ಟದ್ದು. ಪಕ್ಕದಲ್ಲಿ ಬೇರೆ ಊರಿನವನು, ಕಚೇರಿ ಸಾಲಲ್ಲಿ ಆಗಷ್ಟೇ ಪರಿಚಯ. ಬೈ ಟೂ ಚಹಾ. "ನಿಮ್ಮ ಕಡೆನೂ ತೂಬು ಎತ್ತಿಲ್ವಾ?" ಅಷ್ಟೇ. ಎರಡು ಹಳ್ಳಿಯ ಕಷ್ಟ ಅಲ್ಲಿ ಒಂದಾಯಿತು.

ಈಗ ಇನ್ನೊಬ್ಬರು ಬರುತ್ತಾರೆ, "ಪಹಣಿ ಮೊಬೈಲಲ್ಲೇ ಸಿಗುತ್ತಲ್ಲ" ಅಂತ. ಸಿಗಲಿ. ಪೋಡಿ, ಅಂದ್ರೆ ಜಮೀನು ಅಳೆದು ಪಾಲು ಬೇರೆ ಮಾಡಿಸೋದು, ಆಗಬೇಕಾದರೆ? ಖಾತೆ ತಕರಾರು ಬಿದ್ದರೆ? ಮೊಬೈಲ್ ಮುಂದೆ ಧರಣಿ ಕೂರುತ್ತೀರಾ? 2015ರಲ್ಲಿ ಮೊಬೈಲ್ ಇರಲಿಲ್ವಾ? ಮಹದಾಯಿ ನೀರಿಗಾಗಿ ರೈತರು ಧರಣಿ ಕೂತದ್ದು ಮತ್ತೆ ಅದೇ ನರಗುಂದದಲ್ಲಿ. ಒಂದು ದಿನ ಎರಡು ದಿನ ಅಲ್ಲ, ವರ್ಷಗಟ್ಟಲೆ!

ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡದಿದ್ದರೆ ಈಗಲೇ ಮಾಡಿ, ಇಂಥ ಊರುಗಳ ಮಾತು ಇಲ್ಲಿ ಇನ್ನೂ ಬಹಳ ಇದೆ.

ಮತ್ತೆ ಹೇಳುತ್ತೇನೆ, ಸಾವಿರ ಸಲ ಹೇಳುತ್ತೇನೆ: ತಾಲೂಕು ಊರು ಬಿಟ್ಟು ಹಳ್ಳಿಯ ರಾಜಕೀಯ ಇಲ್ಲ. ಇಲ್ಲ ಅಂದ್ರೆ ಇಲ್ಲ! ಬಸ್ ಸ್ಟ್ಯಾಂಡ್ ಅಂದರಲ್ಲ, ಆ ಬಸ್ ಸ್ಟ್ಯಾಂಡಿಗೇ ಬನ್ನಿ. ಸಂತೆ ದಿನ ಬೆಳಿಗ್ಗೆ ಹತ್ತಕ್ಕೆ. ಚಹಾ ನಾನು ಕೊಡಿಸುತ್ತೇನೆ. ಸುಮ್ನೆ ಕೂತು ಕೇಳಿ.