ಮೂರು ಹೋಳಾಗುವ ನ್ಯೂಕ್ಲಿಯಸ್

(ದೃಶ್ಯ: ಮಡಿಕೇರಿಯ ಹೆಂಚಿನ ಮನೆ, ಕಕ್ಕಡದ ಮಳೆ. ಸೂರಿನಂಚಿನಲ್ಲಿ ತೂಗುವ ಹನಿ, ನಿಧಾನಗತಿಯಲ್ಲಿ.)

ವೀಕ್ಷಕರಿಗೆ ನಮಸ್ಕಾರ. ಕಕ್ಕಡ ತಿಂಗಳಿನಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರೀಕರಿಸಿದ ದೃಶ್ಯವಿದು. ಹೆಂಚಿನ ತುದಿಯಲ್ಲಿ ಹನಿ ದಪ್ಪವಾಗುತ್ತದೆ, ಕೆಳಕ್ಕೆ ಜಗ್ಗುತ್ತದೆ, ಮೇಲಿನ ನೀರಿಗೂ ಅದಕ್ಕೂ ನಡುವೆ ನೂಲಿನಂಥ ಕುತ್ತಿಗೆಯೊಂದು ಮೂಡುತ್ತದೆ. ಕುತ್ತಿಗೆ ಹರಿದೊಡನೆ ದೊಡ್ಡ ಹನಿ ಬೀಳುತ್ತದೆ. ಅದರ ಬೆನ್ನಿಗೇ ಸಾಸಿವೆಗಿಂತ ಸಣ್ಣದಾದ ಮರಿಹನಿಯೊಂದು ಬರುತ್ತದೆ. ಆ ಮರಿಹನಿ ಹುಟ್ಟಿದ್ದು ಕುತ್ತಿಗೆಯಲ್ಲಿದ್ದ ನೀರಿನಿಂದ.

ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸನ್ನು ದ್ರವದ ಹನಿಯಂತೆ ಕಲ್ಪಿಸಿಕೊಂಡು ವಿದಳನದ, ಅಂದರೆ ಅದು ಹೋಳಾಗುವುದರ, ಸಿದ್ಧಾಂತವನ್ನು 1939ರಲ್ಲಿ ವಿಸ್ತಾರವಾಗಿ ರೂಪಿಸಿದವರು ನೀಲ್ಸ್ ಬೋರ್ ಮತ್ತು ಜಾನ್ ವೀಲರ್. ಹನಿಯನ್ನು ಉರುಟಾಗಿ ಹಿಡಿದಿಡುವುದು ಮೇಲ್ಮೈ ಎಳೆತ. ಅದನ್ನು ಒಡೆಯಲು ಯತ್ನಿಸುವುದು ಪ್ರೋಟಾನ್‌ಗಳ ಪರಸ್ಪರ ವಿಕರ್ಷಣೆ. ಯುರೇನಿಯಂ ಒಡೆಯುವಾಗ ಸಾಮಾನ್ಯವಾಗಿ ಎರಡು ಹೋಳುಗಳಷ್ಟೇ ಆಗುತ್ತವೆ. ಆದರೆ 1946ರಲ್ಲಿ ಪ್ಯಾರಿಸ್‌ನಲ್ಲಿ ಕೆಲಸ ಮಾಡುತ್ತಿದ್ದ ಚೀನಾದ ವಿಜ್ಞಾನಿ ದಂಪತಿ ಚಿಯೆನ್ ಸಾನ್‌ಚಿಯಾಂಗ್ ಮತ್ತು ಹೊ ಝೆಹುಯಿ ಅವರು ಕಣಗಳ ಜಾಡು ಮೂಡುವ ಛಾಯಾಗ್ರಹಣದ ಎಮಲ್ಷನ್ ಫಲಕಗಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸುತ್ತಿದ್ದಾಗ, ಎರಡು ದಪ್ಪ ಜಾಡುಗಳು ಹೊರಟ ಬಿಂದುವಿನಿಂದಲೇ ಮೂರನೆಯ ತೆಳುವಾದ, ಉದ್ದನೆಯ ಜಾಡೊಂದು ಹೊರಟಿರುವುದನ್ನು ಕಂಡರು.

(ದೃಶ್ಯ: ಒಂದೇ ಬಿಂದುವಿನಿಂದ ಹೊರಟ ಮೂರು ಗೆರೆಗಳ ರೇಖಾಚಿತ್ರ.)

ಇದೇ ತ್ರಿಖಂಡ ವಿದಳನ. ಕೆಲವು ನೂರು ವಿದಳನಗಳಲ್ಲಿ ಒಮ್ಮೆ ಮಾತ್ರ ನಡೆಯುವ ಇದರಲ್ಲಿ, ಮೂರನೆಯ ತುಣುಕು ಹತ್ತರಲ್ಲಿ ಸುಮಾರು ಒಂಬತ್ತು ಬಾರಿ ಆಲ್ಫಾ ಕಣವೇ (ಹೀಲಿಯಂ ನ್ಯೂಕ್ಲಿಯಸ್) ಆಗಿರುತ್ತದೆ. ಅದು ಹೋಳುಗಳ ದಾರಿಗೆ ಹೆಚ್ಚುಕಡಿಮೆ ಲಂಬವಾಗಿ ಹೊರಬೀಳುತ್ತದೆ. ಅದರ ಸರಾಸರಿ ಶಕ್ತಿ ಸುಮಾರು 16 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್, ಕಣಗಳ ಶಕ್ತಿಯ ಅಳತೆ). ನನ್ನ ಮಟ್ಟಿಗೆ ಈ ಲಂಬ ದಿಕ್ಕೇ ಎಲ್ಲಕ್ಕಿಂತ ಸೊಗಸಾದ ಸಾಕ್ಷ್ಯ: ಎರಡು ಹೋಳುಗಳ ನಡುವೆ, ಕುತ್ತಿಗೆಯಲ್ಲಿ ಹುಟ್ಟಿದ ಕಣವನ್ನು ಎರಡೂ ಕಡೆಯಿಂದ ತಳ್ಳಿದಾಗ ಅದಕ್ಕೆ ಉಳಿಯುವುದು ಪಕ್ಕದ ದಾರಿಯೊಂದೇ. ರಿಯಾಕ್ಟರ್ ಇಂಧನದಲ್ಲಿ ಉತ್ಪತ್ತಿಯಾಗುವ ಟ್ರಿಟಿಯಂ (ಹೈಡ್ರೋಜನ್‌ನ ಭಾರದ ರೂಪ) ಸಹ ಬಹುಪಾಲು ಇದೇ ಬಗೆಯ ವಿದಳನದ್ದು.

ಇನ್ನು ಅತಿಭಾರ ಧಾತುಗಳು, ಅಂದರೆ 104 ಮತ್ತು ಅದಕ್ಕಿಂತ ಹೆಚ್ಚು ಪ್ರೋಟಾನ್‌ಗಳಿರುವವು. ಅಲ್ಲಿ ವಿಕರ್ಷಣೆ ಎಷ್ಟು ಬಲವಾಗಿರುತ್ತದೆಂದರೆ, ಕುತ್ತಿಗೆಯಿಂದ ಮರಿಹನಿಯ ಬದಲು ಸಾಕಷ್ಟು ಭಾರದ ಒಂದು ನ್ಯೂಕ್ಲಿಯಸ್ಸೇ ಹೊರಬರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಬರಬಹುದು ಎಂದು 2010ರಲ್ಲಿ ಜಾಗ್ರೆಬೇವ್, ಕಾರ್ಪೊವ್ ಮತ್ತು ಗ್ರೈನರ್ ಅವರ ಲೆಕ್ಕಾಚಾರ ತೋರಿಸಿತು. ಅವರ ವಾದದ ತಿರುಳು ಮ್ಯಾಜಿಕ್ ಸಂಖ್ಯೆಗಳಲ್ಲಿದೆ, ಅಂದರೆ ನ್ಯೂಕ್ಲಿಯಸ್ಸನ್ನು ವಿಶೇಷವಾಗಿ ಬಿಗಿಗೊಳಿಸುವ ಪ್ರೋಟಾನ್ ಅಥವಾ ನ್ಯೂಟ್ರಾನ್ ಸಂಖ್ಯೆಗಳಲ್ಲಿದೆ. 50 ಪ್ರೋಟಾನ್ ಮತ್ತು 82 ನ್ಯೂಟ್ರಾನ್‌ಗಳಿರುವ ತವರ-132 ಎರಡೂ ಲೆಕ್ಕದಲ್ಲಿ ಮ್ಯಾಜಿಕ್ ಆಗಿರುವುದರಿಂದ ಅದರ ಬಂಧ ಬಹಳ ಬಿಗಿಯಾದುದು.

(ದೃಶ್ಯ: ಕಪ್ಪು ಹಲಗೆ, ಸೀಮೆಸುಣ್ಣದಲ್ಲಿ ಬರೆಯುತ್ತಿರುವ ಕೈ.)

ಕ್ಯೂರಿಯಂ-248ಕ್ಕೆ ಕ್ಯಾಲ್ಸಿಯಂ-48 ಅನ್ನು ಡಿಕ್ಕಿ ಹೊಡೆಸಿದರೆ ಪ್ರೋಟಾನ್‌ಗಳು 96 ಮತ್ತು 20 ಸೇರಿ 116 ಆಗುತ್ತವೆ. ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿ ಒಟ್ಟು ಕಣಗಳು 296. ಇದು ಲಿವರ್ಮೋರಿಯಂ, ರಷ್ಯಾದ ದುಬ್ನಾದಲ್ಲಿ ಈ ಧಾತುವನ್ನು ಮೊದಲು ತಯಾರಿಸಿದ್ದೂ ಇದೇ ಜೋಡಿಯಿಂದ. ಇದರಿಂದ ಎರಡು ತವರ-132 ಕಳೆಯಿರಿ: ಉಳಿಯುವುದು 16 ಪ್ರೋಟಾನ್, 32 ಕಣ, ಅಂದರೆ ಗಂಧಕ. ಎರಡು ಯುರೇನಿಯಂ-238 ಡಿಕ್ಕಿಯಾಗಿ ಕ್ಷಣಮಾತ್ರ ಅಂಟಿಕೊಂಡಾಗ 184 ಪ್ರೋಟಾನ್‌ಗಳ ದೈತ್ಯ ವ್ಯವಸ್ಥೆಯಾಗುತ್ತದೆ. ಅಲ್ಲಿ ಎರಡು ತವರಗಳ ಸ್ಥಾನವನ್ನು ತಲಾ 82 ಪ್ರೋಟಾನ್‌ಗಳ ಎರಡು ಸೀಸ-208 ವಹಿಸಿಕೊಂಡರೆ ನಡುವೆ ಉಳಿಯುವುದು ಕ್ಯಾಲ್ಸಿಯಂನ 20 ಪ್ರೋಟಾನ್‌ಗಳು.

ಇದನ್ನು ಪತ್ತೆಹಚ್ಚುವುದು ಕಷ್ಟ. ನಡುವಿನ ಗಂಧಕವನ್ನು ಎರಡು ತವರಗಳೂ ಸಮನಾಗಿ ತಳ್ಳುವುದರಿಂದ ಅದು ಯಾವ ತವರದ ಕಡೆಗೂ ಹಾರದೆ, ಡಿಕ್ಕಿಗೆಂದು ಹಾಯಿಸಿದ ಕ್ಯಾಲ್ಸಿಯಂ ಕಿರಣಪುಂಜದ ದಿಕ್ಕಿನಲ್ಲಷ್ಟೇ ನಿಧಾನವಾಗಿ ಸಾಗಬೇಕು. ಆ ದಾರಿಯಲ್ಲಿ ಶೋಧಕವನ್ನು ಇಡುವುದು ಸುಲಭವಲ್ಲ. ಆದ್ದರಿಂದ ಗಂಧಕವನ್ನು ಹುಡುಕುವ ಬದಲು ಎರಡು ತವರಗಳು ಒಂದೇ ಹೊತ್ತಿಗೆ ಎದುರುಬದುರು ಶೋಧಕಗಳನ್ನು ತಲುಪುವುದನ್ನು ಕಾಯಬೇಕೆಂಬುದು ಜಾಗ್ರೆಬೇವ್ ತಂಡದ ಸಲಹೆ. ತಪ್ಪಿಸಿಕೊಂಡ ನ್ಯೂಟ್ರಾನ್‌ಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಎರಡರ ಮೊತ್ತ 296ರ ಬದಲು 264ರ ಆಸುಪಾಸಿನಲ್ಲೇ ನಿಂತರೆ, ಕೊರತೆ ಬಿದ್ದ ಆ 32 ಕುತ್ತಿಗೆಯದು.