ಡಾಂಗ್‌ಡಿಂಗ್ ಊಲಾಂಗ್‌ಗೆ ಕುದಿಯೋ ನೀರೇ ಬೇಕು

ಬಟ್ಟಲಿಗೆ ಬಿದ್ದಾಗ ಸದ್ದು ಕೇಳಿಸ್ತಾ? ಒಣ ಕಾಳು ಬಿದ್ದ ಹಾಗೆ. ಇದು ಚಹಾ ಎಲೆನೇ. ತೈವಾನ್‌ನ ನಾನ್‌ಟೌ ಜಿಲ್ಲೆ, ಲೂಗು ಕಡೆಯ ಡಾಂಗ್‌ಡಿಂಗ್ ಊಲಾಂಗ್. ಊಲಾಂಗ್ ಅಂದ್ರೆ ಗ್ರೀನ್ ಟೀಗೂ ಬ್ಲ್ಯಾಕ್ ಟೀಗೂ ನಡುವಿನ ಚಹಾ. ಗಿಡದ ತಳಿ ಚಿಂಗ್‌ಶಿನ್. ಎಲೆನ ಬಟ್ಟೆಲಿ ಗಂಟು ಕಟ್ಟಿ ಹೊರಳಿಸ್ತಾರೆ, ಬಿಚ್ಚಿ ಬಿಸಿ ಮಾಡ್ತಾರೆ, ಮತ್ತೆ ಕಟ್ತಾರೆ. ಹೀಗೆ ಎಷ್ಟೋ ಸಲ ಆದ್ಮೇಲೆ ಒಂದು ಕಡ್ಡಿ, ಅದರ ತುದಿಯ ಎರಡು ಮೂರು ಎಲೆ, ಎಲ್ಲ ಸೇರಿ ಈ ಒಂದು ಗುಂಡು ಆಗತ್ತೆ. ಕೊನೆಗೆ ಅದನ್ನ ಹುರೀತಾರೆ. ಗುಂಡಿನ ವಿಷಯ ನೆನಪಿಟ್ಕೊಳ್ಳಿ, ನೀರು ಎಷ್ಟು ಬಿಸಿ ಇರಬೇಕು ಅನ್ನೋದು ಇದರ ಮೇಲೇ ನಿಂತಿದೆ.

6 ಗ್ರಾಂ ಹಾಕಿದೀನಿ. ಈ ಮುಚ್ಚಳದ ಬಟ್ಟಲಿಗೆ ಗೈವಾನ್ ಅಂತಾರೆ, ಇದು 110 ಮಿಲಿ ಹಿಡಿಯೋದು. ಎಲೆ ತಳ ಮಾತ್ರ ಮುಚ್ಚಿದೆ, ಇನ್ನೊಂದು ಚಮಚ ಹಾಕೋಣ ಅನಿಸತ್ತೆ. ಬೇಡ. ಇದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಬಸೀತೀವಿ, ಮೂರನೇ ಸಲಕ್ಕೆ ಮುಚ್ಚಳ ಎತ್ತೋ ಅಷ್ಟು ಉಬ್ಬತ್ತೆ. ಜಾಗ ಸಾಲದೆ ಹೋದ್ರೆ ಒಳಗಿನ ಎಲೆ ಬಿಚ್ಚಿಕೊಳ್ಳೋದೇ ಇಲ್ಲ, ಹೊರಗಿನ ಎಲೆ ಮಾತ್ರ ಒಗರು ಬಿಡ್ತಾ ಕೂತಿರತ್ತೆ.

ಹಾಂ, ಈ ಕಪ್‌ನಲ್ಲಿರೋದು ಬೆಳಗ್ಗೆ ಮಾಡಿದ ಚಹಾ. ಬಣ್ಣ ನೋಡಿ. ಜೇನಿನ ಬಣ್ಣ ಇರಬೇಕಿತ್ತು, ತಳ ಕಾಣೋ ಹಾಗೆ ತಿಳಿಯಾಗಿರಬೇಕಿತ್ತು. ಇಲ್ಲಿ ಮಂಕು ಕಂದು. ಮೇಲೆ ಎಣ್ಣೆ ಹಾಗೆ ತೆಳ್ಳಗೆ ಒಂದು ಪೊರೆ ಬೇರೆ. ಎಲೆ ಕೆಟ್ಟಿಲ್ಲ, ನೆನೆಸಿದ ಹೊತ್ತೂ ಸರಿಯಾಗೇ ಇತ್ತು. ತಪ್ಪು ಪೂರ್ತಿ ನೀರಿಂದು. ಬೋರ್‌ವೆಲ್ ನೀರನ್ನೇ ನೇರ ಕಾಯಿಸಿದ್ದು. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟತ್ತಲ್ಲ, ಅದು ಬರೋದು ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಬೈಕಾರ್ಬನೇಟ್‌ನಿಂದ. ಬೈಕಾರ್ಬನೇಟ್ ಚಹಾದ ಸಣ್ಣ ಹುಳಿನ ಸಾಯಿಸಿ ಬಣ್ಣ ಕಪ್ಪು ಮಾಡತ್ತೆ. ಕ್ಯಾಲ್ಸಿಯಂ ಎಲೆಯ ಒಗರಿನ ಅಂಶಗಳ ಜೊತೆ ಸೇರಿ ಈ ಪೊರೆ ಕಟ್ಟತ್ತೆ. ಹಾಲು ಸಕ್ಕರೆ ಹಾಕಿ ಕುದಿಸೋ ನಮ್ಮ ಟೀಲಿ ಇದು ಅಷ್ಟು ಗೊತ್ತಾಗಲ್ಲ. ಊಲಾಂಗ್‌ನಲ್ಲಿ ಪರಿಮಳ ಬಿಟ್ರೆ ಬೇರೇನೂ ಇಲ್ಲ, ಅದೇ ಹೋದ್ಮೇಲೆ ಬಿಸಿನೀರು ಕುಡಿದಂಗೆ.

ಹಾಗಂತ ಬರೀ ಆರ್‌ಓ ನೀರು ಹಾಕಿದ್ರೂ ಸರಿಹೋಗಲ್ಲ. ನೀರಲ್ಲಿ ಲವಣ ಏನೂ ಇಲ್ಲದಿದ್ರೆ ರುಚಿ ಸಪ್ಪೆ, ನಾಲಿಗೆ ಮೇಲೆ ನಿಲ್ಲೋದೇ ಇಲ್ಲ. ಟಿಡಿಎಸ್ ಮೀಟರ್ ನೋಡಿ: ಬೋರ್ 480, ಆರ್‌ಓ 20. ಐದು ಲೋಟ ಆರ್‌ಓಗೆ ಒಂದು ಲೋಟ ಬೋರ್ ಸೇರಿಸಿದ್ರೆ 100ರ ಹತ್ತಿರ ಬರತ್ತೆ, ಅಲ್ಲಿ ನಿಲ್ಲಿಸಿ. ಮೀಟರ್ ಗಡಸುತನ ಅಳೆಯಲ್ಲ, ಕರಗಿರೋದನ್ನೆಲ್ಲ ಒಟ್ಟಿಗೆ ತೋರಿಸತ್ತೆ ಅಷ್ಟೇ. ಅದಕ್ಕೇ ಕೊನೇ ತೀರ್ಮಾನ ನಾಲಿಗೆದು. ಎಡಗಡೆ ಕಪ್ ಬೆಳಗಿಂದು, ಬಲಗಡೆದು ಬೆರೆಸಿದ ನೀರಲ್ಲಿ ಮಾಡಿದ್ದು. ಅದೇ ಎಲೆ, ಅದೇ ತೂಕ, ಅದೇ ಸೆಕೆಂಡು. ಎಷ್ಟು ವ್ಯತ್ಯಾಸ ನೋಡಿ! ಸಾವಿರಾರು ರೂಪಾಯಿ ಎಲೆಗೆ ಕೊಟ್ಟು ನೀರಿನ ಬಗ್ಗೆ ಯೋಚನೆ ಮಾಡದೆ ಇರೋದು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಈಗ ಬಿಸಿ. 80 ಡಿಗ್ರಿ ಅಂತ ಎಲ್ಲರೂ ಹೇಳ್ತಾರೆ. ಅದು ಗ್ರೀನ್ ಟೀ ಲೆಕ್ಕ. ಈ ಬಿಗಿ ಗುಂಡಿಗೆ 80 ಹಾಕಿದ್ರೆ ಹೊರಪದರ ಮಾತ್ರ ನೆನೆಯತ್ತೆ, ಹುರಿದ ಪರಿಮಳ ಮೇಲೇಳೋದೇ ಇಲ್ಲ. ಕುದಿಯೋ ನೀರೇ ಹಾಕಿ. ಬೆಂಗಳೂರು 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯತ್ತೆ. ಡಾಂಗ್‌ಡಿಂಗ್ ಬೆಟ್ಟವೂ ಸುಮಾರು 700 ಮೀಟರ್ ಎತ್ತರದ್ದು, ಅಲ್ಲೂ ಹೆಚ್ಚುಕಮ್ಮಿ ಅಷ್ಟೇ. ಲೂಗುನಲ್ಲಿ 1976ರಿಂದ ಚಹಾ ಸ್ಪರ್ಧೆ ನಡೀತಿದೆ. ಗುಂಡು ಊಲಾಂಗ್‌ನ ಪರೀಕ್ಷೆ ಮಾಡೋದು ಹೇಗೆ ಗೊತ್ತಾ? 3 ಗ್ರಾಂ ಎಲೆ, 150 ಮಿಲಿ ಕುದಿಯೋ ನೀರು, ಪೂರ್ತಿ 6 ನಿಮಿಷ. ಎಲೆಲಿ ಕಹಿ ಇದ್ರೆ, ಹುರಿದಿದ್ದು ಜಾಸ್ತಿ ಆಗಿದ್ರೆ, ಅಷ್ಟರಲ್ಲಿ ಹೊರಗೆ ಬಂದೇ ಬರತ್ತೆ. ಸ್ಯಾಂಪಲ್ ತರಿಸಿದಾಗ ನೀವೂ ಇದನ್ನೇ ಮಾಡಿ. 6 ನಿಮಿಷ ತಡ್ಕೊಂಡ ಎಲೆನ ಮಾತ್ರ ಕೊಳ್ಳಿ.

5 ಸೆಕೆಂಡ್ ನೀರು ಹಾಕಿ ಚೆಲ್ಲಿದೆ. ಗುಂಡು ಬಿಸಿಯಾಗಿ ಸಡಿಲ ಆಗಲಿ ಅಂತ. ಈಗ ಮೊದಲನೇದು, 45 ಸೆಕೆಂಡ್. ಬಟ್ಟಲ ಬಾಯಿ ಹೊರಗೆ ಚಾಚಿದೆಯಲ್ಲ, ಅಲ್ಲಿಗೆ ನೀರು ಬರಬಾರದು. ಬೆರಳು ಹಿಡಿಯೋ ಜಾಗ ಅದು, ಅಲ್ಲಿತನಕ ತುಂಬಿದ್ರೆ ಸುಟ್ಕೊಳ್ತೀರ.

ವಾಸನೆ… ಹುರಿದ ಅಕ್ಕಿ, ಜೋನಿಬೆಲ್ಲ, ಹಿಂದೆ ಎಲ್ಲೋ ಹೂವು. ಕುಡಿದು ಸ್ವಲ್ಪ ಹೊತ್ತಿಗೆ ಗಂಟಲಿಂದ ಸಿಹಿ ವಾಪಸ್ ಬರತ್ತೆ, ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ. ಈ ಸಿಹಿ ಬರದ ಡಾಂಗ್‌ಡಿಂಗ್‌ಗೆ ದುಡ್ಡು ಕೊಡಬೇಡಿ. ಬರೀ ಇದ್ದಿಲ ವಾಸನೆ ಬಂದ್ರೆ ಈಗಷ್ಟೇ ಹುರಿದಿರಬಹುದು, ಪ್ಯಾಕೆಟ್ ಮುಚ್ಚಿ ಒಂದು ತಿಂಗಳು ಇಡಿ, ಬೆಂಕಿ ಇಳಿಯತ್ತೆ.

ಮಿಲ್ಕ್ ಊಲಾಂಗ್ ಅಂತ ಮಾರ್ತಾರಲ್ಲ, ಅದು ಬೇರೆ. ಜಿನ್‌ಶುವಾನ್ ಅನ್ನೋ ತಳಿ, 1981ರಲ್ಲಿ ತೈವಾನ್ 12ನೇ ನಂಬರ್ ಅಂತ ಬಿಡುಗಡೆ ಆಗಿದ್ದು. ಅದರಲ್ಲಿ ಕೆನೆಯ ಒಂದು ಎಳೆ ತಾನಾಗೇ ಇರತ್ತೆ, ಬಹಳ ಮೆದುವಾಗಿ. ಪ್ಯಾಕೆಟ್ ತೆಗೆದ ತಕ್ಷಣ ಮನೆ ತುಂಬ ಹಾಲಿನ ಪೇಡ ವಾಸನೆ ಬಂದ್ರೆ ಎಸೆನ್ಸ್ ಹಾಕಿದಾರೆ ಅಂತ. ಮೂರನೇ ಸಲಕ್ಕೆ ಎಲ್ಲ ತೊಳೆದು ಹೋಗತ್ತೆ… ಓ, ಎರಡನೇದಕ್ಕೆ ನೀರು ಹಾಕಾಯ್ತು! 30 ಸೆಕೆಂಡ್, ಬಗ್ಗಿಸ್ತೀನಿ. ಎಲೆ ಈಗ ಬಿಚ್ಚಿದೆ, ಅದಕ್ಕೇ ಕಮ್ಮಿ ಹೊತ್ತು. ಮೂರನೇದು 40, ನಾಲ್ಕು 60, ಐದು 90. ಪ್ರತಿ ಸಲ ಕೊನೇ ಹನಿತನಕ ಬಸೀರಿ. ತಳದಲ್ಲಿ ಉಳಿದ ನೀರು ಮುಂದಿನ ಕಪ್ಪನ್ನ ಕಹಿ ಮಾಡತ್ತೆ.

ಪಿಂಗಾಣಿ ಬಿಟ್ಟು ಬೇರೇನೂ ಬೇಡ ಅಂತ ಹೇಳೋಕೆ ಹೊರಟಿದ್ದೆ. ನಾಲ್ಕನೇ ಸಲದಿಂದ ನೋಡಿ, ತೆಳು ಗೈವಾನ್ ಬೇಗ ಆರತ್ತೆ, ರುಚಿ ತೆಳ್ಳಗಾಗತ್ತೆ. ದಪ್ಪ ಮಣ್ಣಿನ ಪುಟ್ಟ ಕುಡಿಕೆ ಇದ್ರೆ ಇಲ್ಲಿಂದ ಅದೇ ಮೇಲು. ಹೊಸ ಎಲೆ ಪರೀಕ್ಷೆಗೆ ಪಿಂಗಾಣಿ, ಗೊತ್ತಿರೋ ಎಲೆಗೆ ಮಣ್ಣು. ಹಾಗೇ ಇಟ್ಕೊಳ್ಳಿ.

ಆರು ಸಲ ಆಯ್ತು. ಎಲೆ ತಟ್ಟೆಗೆ ಹರಡ್ತೀನಿ, ಹತ್ತಿರದಿಂದ ನೋಡಿ. ಕಡ್ಡಿಗೆ ಎಲೆ ಅಂಟಿಕೊಂಡೇ ಇದೆ, ಅಂಚು ಕೆಂಪಗೆ, ನಡು ಇನ್ನೂ ಹಸಿರು ಮಿಶ್ರ. ಅಂದ್ರೆ ಕೈಲಿ ಕಿತ್ತಿದ್ದು, ಅರ್ಧದಷ್ಟೂ ಹುದುಗಿಸಿಲ್ಲ. ಎಲೆ ನೇರವಾಗಿ ಕತ್ತರಿಸಿದ ಹಾಗಿದ್ರೆ ಯಂತ್ರದ ಕೊಯ್ಲು. ಆರು ಸಲದ ಮೇಲೂ ಕಪ್ಪಗೆ ಮುದುಡೇ ಇದ್ರೆ ಹುರಿಯೋವಾಗ ಕರಕಲು ಮಾಡಿದಾರೆ. ಚಿಂಗ್‌ಶಿನ್ ತಳಿನ ವಿಯೆಟ್ನಾಂನಲ್ಲೂ ಬೆಳೀತಾರೆ, ಅಲ್ಲಿಯ ಎಲೆ ಡಾಂಗ್‌ಡಿಂಗ್ ಹೆಸರಲ್ಲಿ ಬರೋದುಂಟು. ಕುಡಿಯೋಕೆ ಚೆನ್ನಾಗೇ ಇರಬಹುದು, ಲೂಗು ಬೆಲೆ ಕೇಳಬಾರದು ಅಷ್ಟೇ.

ಈ ಎಲೆ ಎಸೆಯಲ್ಲ. 300 ಮಿಲಿ ತಣ್ಣೀರು ಹಾಕಿ ಫ್ರಿಜ್‌ನಲ್ಲಿ ಇಡ್ತಿದೀನಿ, ಬೆಳಗ್ಗೆ ಸೋಸಿದ್ರಾಯ್ತು. ನೀರು ಅದೇ ಬೆರೆಸಿದ್ದೇ, ಬೋರ್‌ದಲ್ಲ.