ಮೊದಲು ನೀರು ಹುಡುಕಿ, ಆಮೇಲೆ ತುಕ್ಕು

ಕೇಳುಗರಿಗೆ ನಮಸ್ಕಾರ.

ಕೋಲಾರದ ಕಡೆ ಹಳೇ ಕಾರು ಕೊಳ್ಳುವವರ ಬಾಯಲ್ಲಿ ಒಂದು ಮಾತಿದೆ. ನಮ್ಮದು ಬರದ ಸೀಮೆ, ಮಂಗಳೂರಿನ ಉಪ್ಪುಗಾಳಿ ಇಲ್ಲ, ಇಲ್ಲಿನ ಗಾಡಿಗೆ ಎಲ್ಲಿಯ ತುಕ್ಕು ಅಂತ. ಗಾಳಿ ಒಣದು, ನಿಜ. ಆದರೆ ಧೂಳು?

ಹಳೇ ಪ್ರೀಮಿಯರ್ ಪದ್ಮಿನಿಯ ಬಾಗಿಲು ತೆಗೆದು ಕೆಳಗಿನ ಅಂಚು ಸವರಿ ನೋಡಿ. ಸಣ್ಣ ತೂತುಗಳು ಸಿಗುತ್ತವೆ. ಕಿಟಕಿ ಗ್ಲಾಸಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಆ ನೀರು ಹೊರಗೆ ಹೋಗಲೆಂದೇ ಈ ತೂತು. ಬೇಸಿಗೆಯ ಕೆಮ್ಮಣ್ಣು ಅದನ್ನು ಮುಚ್ಚಿಬಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಒಳಗೆ ಕೆಸರು ನಿಂತು, ತಗಡು ಒಳಗಿನಿಂದಲೇ ಕೊಳೆಯುತ್ತದೆ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಜಾಗ ಜಾಸ್ತಿ ಬೇಕು, ಅದಕ್ಕೇ ಪೇಂಟು ಗುಳ್ಳೆ ಗುಳ್ಳೆಯಾಗಿ ಉಬ್ಬುವುದು. ಗುಳ್ಳೆ ಕಾಣುವ ಹೊತ್ತಿಗೆ ತಗಡು ಜರಡಿಯಾಗಿರುತ್ತದೆ.

ಇನ್ನು ಮುಂದಿನ ಗ್ಲಾಸಿನ ರಬ್ಬರ್. ಬಿಸಿಲಿಗೆ ಗಟ್ಟಿಯಾಗಿ ಸೀಳು ಬಿಡುತ್ತದೆ. ನೀರು ಡ್ಯಾಶ್‌ಬೋರ್ಡ್ ಹಿಂದೆ ಇಳಿದು ಮ್ಯಾಟಿನ ಕೆಳಗೆ ಸೇರುತ್ತದೆ. ಮ್ಯಾಟು ಮೇಲೆ ಒಣಗಿರುತ್ತದೆ, ಅಡಿಯಲ್ಲಿ ತೇವ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೂ ಇದೇ ಕತೆ.

ಸೋರಿಕೆ ಹಿಡಿಯಲು ಇಬ್ಬರು ಸಾಕು. ಸೀಟು, ಮ್ಯಾಟು ತೆಗೆದು ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಿ, ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಬನ್ನಿ. ಮೊದಲೇ ಟಾಪಿನ ಮೇಲೆ ಸುರಿದರೆ ಎಲ್ಲ ಕಡೆ ಹರಿದು, ಯಾವ ಸಂದಿಯಿಂದ ಬಂತೋ ಗೊತ್ತಾಗುವುದಿಲ್ಲ. ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ, ಮಳೆ ನುಗ್ಗದ ಕಡೆಗೂ ಅದು ನುಗ್ಗುತ್ತದೆ.

ಇದಾದ ಮೇಲೇ ಟಿಂಕರ್ ಹತ್ತಿರ ಹೋಗಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಜೊತೆಗಿರಲಿ. ಅದು ಕಚ್ಚದ ಕಡೆ ದಪ್ಪ ಪುಟ್ಟಿ ಇದೆ ಎಂದೇ ಲೆಕ್ಕ. ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆಯಬೇಕು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಎರಡು ಮಳೆಗಾಲ ತಡೆದರೆ ಹೆಚ್ಚು. ಹಾಗಂತ ಬಾಡಿಯನ್ನೇ ಬದಲಾಯಿಸಲು ಹೋಗಬೇಡಿ. 2021ರ ಕೇಂದ್ರದ ನಿಯಮದಲ್ಲಿ ಗಾಡಿ ವಿಂಟೇಜ್ ಅನ್ನಿಸಿಕೊಳ್ಳಬೇಕಾದರೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು.

ಕೊನೆಯದು ರೇಡಿಯೇಟರ್. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡುಸು ಅಂತ ಬಿಂದಿಗೆ ತಳದ ಬಿಳಿ ಪದರ ನೋಡಿದವರಿಗೆ ಗೊತ್ತು ಅಲ್ವಾ? ಅದನ್ನೇ ಅಂಬಾಸಡರ್‌ಗೂ ಸುರಿಯುತ್ತೇವೆ. ಒಳಗಿನ ಸಣ್ಣ ಕೊಳವೆಗಳು ಕಟ್ಟಿಕೊಂಡು ಎಂಜಿನ್ ಕಾಯುತ್ತದೆ. ಎಂಜಿನ್ ಬ್ಲಾಕಿನ ಪಕ್ಕದ ದುಂಡು ಬಿಲ್ಲೆಗಳನ್ನೂ ತುಕ್ಕು ಒಳಗಿನಿಂದ ತಿನ್ನುತ್ತದೆ. ಅಲ್ಲಿ ಕಂದು ಕಲೆ ಒಸರಿದ್ದರೆ ಮೇಲೆ ಸುಮ್ನೆ ಎಂ-ಸೀಲ್ ಮೆತ್ತಬೇಡಿ, ಬಿಲ್ಲೆ ಬದಲಾಯಿಸಿ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ತುಂಬಿ. ಬ್ಯಾಟರಿ ಅಂಗಡಿಯಲ್ಲೇ ಸಿಗುತ್ತದೆ ಆ ನೀರು.

ನಮಸ್ಕಾರ.